ಐವತ್ತರ ನಂತರದ ಅಖಾಡ

ಹಿರಿಯ ಗಾಲ್ಫರ್‌ಗಳಲ್ಲಿ ಯಾರು ಮೇಲು? ಇದನ್ನು ತೀರ್ಮಾನಿಸಲು 1954ರಲ್ಲಿ ಶುರುವಾದ ಪಂದ್ಯವೆಂದರೆ ನನಗೆ ವಿಶೇಷ ಅಕ್ಕರೆ. ಅಮೆರಿಕದ ಹಿರಿಯರ ಚಾಂಪಿಯನ್, ಬ್ರಿಟನ್ನಿನ ಹಿರಿಯರ ಚಾಂಪಿಯನ್, ಇಬ್ಬರೇ ಮುಖಾಮುಖಿಯಾಗುತ್ತಿದ್ದರು. ಒಟ್ಟು ಹೊಡೆತ ಲೆಕ್ಕಕ್ಕಿಲ್ಲ, ಗೆದ್ದ ಹೋಲ್‌ಗಳಷ್ಟೇ ಲೆಕ್ಕ. ಒಂದು ಹೋಲ್‌ಗೆ ಒಂಬತ್ತು ಹೊಡೆತ ಬೇಕಾದರೂ ಕೈತಪ್ಪುವುದು ಆ ಹೋಲ್ ಮಾತ್ರ. ಮುನ್ನಡೆಯು ಉಳಿದ ಹೋಲ್‌ಗಳಿಗಿಂತ ಹೆಚ್ಚಾಯಿತೋ, ಆಟ ಅಲ್ಲಿಗೇ ಖತಂ.

ಮೊದಲ ವರ್ಷ ಅಮೆರಿಕದ, 52ರ ಜೀನ್ ಸರಾಜೆನ್ ಎದುರು ಬ್ರಿಟನ್ನಿನ ಪರ್ಸಿ ಅಲಿಸ್ ಸೋತರು. ಮರಳುಗುಂಡಿಯಿಂದ ಚೆಂಡೆತ್ತುವ ಸ್ಯಾಂಡ್ ವೆಜ್ ಅನ್ನು ಮನೆಮಾತಾಗಿಸಿದ್ದು ಇದೇ ಸರಾಜೆನ್.

ಆದರೆ ನನ್ನ ಹೀರೋ ಅಮೆರಿಕದ ಸ್ಯಾಮ್ ಸ್ನೀಡ್. ಈ ಪಂದ್ಯವನ್ನು ಐದು ಸಲ ಗೆದ್ದರು. 1973ರಲ್ಲಿ ಗೆದ್ದಾಗ 61 ವಯಸ್ಸು! ಚೆಂಡನ್ನು ರಂಧ್ರಕ್ಕೆ ತಳ್ಳುವ ಸಣ್ಣ ಪಟ್‌ಗಳಿಗೆ ಕೈ ಅದುರತೊಡಗಿದಾಗ, ಕಾಲುಗಳ ನಡುವೆ ಚೆಂಡಿಟ್ಟು ಹೊಡೆದರು. 1968ರಲ್ಲಿ ಅದಕ್ಕೆ ನಿಷೇಧ ಬಂತು. ಸರಿ ಬಿಡಿ ಎಂದು ಪಕ್ಕಕ್ಕೆ ನಿಂತು, ರಂಧ್ರಕ್ಕೆ ಮುಖ ಮಾಡಿಯೇ ಚೆಂಡು ತಳ್ಳಿದರು.