ತಳ್ಳುವ ಕೈಗಾಗಿ ಕಾಯದ ಕುರ್ಚಿ

ಬೆನ್ನುಹುರಿಗೆ ಪೆಟ್ಟು ಬಿದ್ದವರ, ಸ್ನಾಯುಕ್ಷಯ ಇರುವವರ ಮನೆಗಳಲ್ಲಿ ವಿದ್ಯುತ್ ಗಾಲಿಕುರ್ಚಿಯ ಮಾತು ಬರುವುದು ಸಾಮಾನ್ಯವಾಗಿ ಎಲ್ಲ ಚಿಕಿತ್ಸೆಯೂ ಮುಗಿದ ಮೇಲೆ. ಒಮ್ಮೆ ಅದರಲ್ಲಿ ಕೂತರೆ ಏಳುವ ಆಸೆಯನ್ನೇ ಬಿಟ್ಟಂತೆ ಎಂಬ ಅಳುಕು ಇದಕ್ಕೆ ಕಾರಣ. ಅಳುಕು ಸಹಜ, ಆದರೆ ಅದರಿಂದ ಆಗುವ ನಷ್ಟ ದೊಡ್ಡದು. ಈ ಕುರ್ಚಿ ಹುಟ್ಟಿದ್ದೇ ಪುನಶ್ಚೇತನಕ್ಕಾಗಿ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಕೈಕಾಲುಗಳ ಸ್ವಾಧೀನ ಕಳೆದುಕೊಂಡ ಸೈನಿಕರಿಗೆಂದು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಜಾರ್ಜ್ ಕ್ಲೈನ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಹಾಗಾಗಿ ಇದು ಫಿಸಿಯೋಥೆರಪಿಯ ಜೊತೆಜೊತೆಗೇ ಮನೆಗೆ ಬರಬೇಕು.

ಜಾಯ್‌ಸ್ಟಿಕ್ ಹಿಡಿದು ಹಜಾರದಿಂದ ಅಂಗಳಕ್ಕೆ ಹೋಗುವುದಷ್ಟೇ ಇದರ ಉಪಯೋಗವಲ್ಲ. ಸದಾ ಕೂತೇ ಇರುವವರಿಗೆ ದೊಡ್ಡ ಅಪಾಯ ಒತ್ತಡದ ಹುಣ್ಣು. ಸ್ಪರ್ಶ ತಿಳಿಯದ ಚರ್ಮ ನೋವಿನ ಮುನ್ಸೂಚನೆಯನ್ನೇ ಕೊಡುವುದಿಲ್ಲ. ಬಾಗುವ ಸೌಲಭ್ಯವಿರುವ ಕುರ್ಚಿಯಲ್ಲಿ ಗುಂಡಿ ಒತ್ತಿದರೆ ಆಸನವೂ ಬೆನ್ನೊರಗೂ ಒಟ್ಟಿಗೇ ಹಿಂದಕ್ಕೆ ವಾಲುತ್ತವೆ, ಕೆಳಭಾಗದ ಭಾರ ಬೆನ್ನಿನ ಮೇಲೆ ಹಂಚಿಹೋಗುತ್ತದೆ. ಇದಿಲ್ಲದ ಮನೆಯಲ್ಲಿ ಯಾರಾದರೂ ಮತ್ತೆ ಮತ್ತೆ ಕಂಕುಳಿಗೆ ಕೈಕೊಟ್ಟು ಎತ್ತಿ ಸರಿಸಬೇಕು. ಆ ಯಾರಾದರೂ ಬಹುಪಾಲು ತಾಯಿಯೋ ಹೆಂಡತಿಯೋ ಆಗಿರುತ್ತಾರೆ. ಅವರ ಸೊಂಟನೋವನ್ನು ಯಾವ ವೈದ್ಯಕೀಯ ಕಡತವೂ ಬರೆದಿಡುವುದಿಲ್ಲ. ಸ್ನಾನ ಮಾಡಿಸುವುದು, ಹಾಸಿಗೆಯಿಂದ ಇಳಿಸುವುದು ಕುರ್ಚಿ ಬಂದಮೇಲೂ ಉಳಿಯುತ್ತವೆ, ನಿಜ. ಆದರೆ ಕಿಟಕಿಯ ಬಳಿ ಹೋಗಲೂ ಇನ್ನೊಬ್ಬರನ್ನು ಕರೆಯಬೇಕಾದ ಮುಜುಗರ ತಪ್ಪುತ್ತದೆ, ಕರೆಸಿಕೊಳ್ಳುವವರಿಗೂ ಒಂದಿಷ್ಟು ಬಿಡುವು ಸಿಗುತ್ತದೆ.

ಮೋಟಾರು ಬಂದರೆ ತೋಳು ಸೊರಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕೈಯಲ್ಲಿ ಬಲವಿರುವವರು ಅದನ್ನು ಬಳಸಲೇಬೇಕು. ಆದರೆ ಭುಜದ ಕೀಲು ವರ್ಷಗಟ್ಟಲೆ ದೇಹದ ಭಾರ ನೂಕಲೆಂದು ಆದದ್ದಲ್ಲ; ಕೈಯಿಂದ ಗಾಲಿ ನೂಕುವವರಲ್ಲಿ ಭುಜನೋವು ತೀರಾ ಸಾಮಾನ್ಯ. ಮದ್ರಾಸ್ ಐಐಟಿಯಲ್ಲಿ ಪ್ರೊ. ಸುಜಾತಾ ಶ್ರೀನಿವಾಸನ್ ಅವರ ತಂಡದ ಕೆಲಸದಿಂದ ಬೆಳೆದ ‘ನಿಯೋಮೋಷನ್’ ಸಂಸ್ಥೆ ಇದಕ್ಕೊಂದು ಜಾಣ ಉತ್ತರ ಕೊಟ್ಟಿದೆ. ಬಳಸುವವರ ಅಳತೆಗೆ ಹೊಂದಿಸಿದ ‘ನಿಯೋಫ್ಲೈ’ ಕುರ್ಚಿಯನ್ನು ಮನೆಯೊಳಗೆ ಕೈಯಿಂದಲೇ ನೂಕಬಹುದು. ಹೊರಗೆ ಹೊರಟಾಗ ಬ್ಯಾಟರಿಯ ಮುಂಗಾಲಿ ‘ನಿಯೋಬೋಲ್ಟ್’ ಸಿಕ್ಕಿಸಿದರೆ ಗಂಟೆಗೆ 25 ಕಿ.ಮೀ.ವರೆಗೆ ಓಡುತ್ತದೆ.

ನಮ್ಮ ರಸ್ತೆಗಳಿಗೆ ಇದೆಲ್ಲ ಎಲ್ಲಿ ಹೊಂದುತ್ತದೆ ಎನ್ನುವವರೂ ಇದ್ದಾರೆ. ತಪ್ಪು ಕುರ್ಚಿಯದಲ್ಲ, ಇಳಿಜಾರಿಲ್ಲದ ದಾರಿಯದು. ಎತ್ತರ ಒಂದಕ್ಕೆ ಉದ್ದ ಹನ್ನೆರಡರ ಲೆಕ್ಕದಲ್ಲಿ ಅರ್ಧ ಅಡಿಯ ಮೆಟ್ಟಿಲಿಗೆ ಆರು ಅಡಿ ಇಳಿಜಾರು ಸಾಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳಿಂದ ಕೇಳುವುದೂ ಇಂಥ ಸುಗಮ ಪ್ರವೇಶವನ್ನೇ. ಹಣದ ಮಾತು ಇನ್ನೂ ಕಠಿಣ. ಸಾಧನ ಸಲಕರಣೆಗೆ ನೆರವಾಗುವ ಕೇಂದ್ರದ ಎಡಿಐಪಿ ಯೋಜನೆ 1981ರಿಂದ ಇದೆ. ಆದರೆ ಎಷ್ಟು ಕುರ್ಚಿ ಹಂಚಿದೆವು ಎಂಬ ಎಣಿಕೆಯಷ್ಟೇ ಸಾಲದು. ಸೊಂಟದ ಅಗಲ, ಮನೆಬಾಗಿಲಿನ ಅಗಲ, ಹೊಸ್ತಿಲಿನ ಎತ್ತರ ಅಳೆದು ಕುರ್ಚಿ ಕೊಡುವ, ಬ್ಯಾಟರಿ ಕೆಟ್ಟಾಗ ತಾಲ್ಲೂಕಿನಲ್ಲೇ ರಿಪೇರಿ ಮಾಡುವ ಏರ್ಪಾಡಿಗೂ ಅದೇ ಯೋಜನೆಯಲ್ಲಿ ಹಣ ಇಡಬೇಕು.