ಅತ್ತೆಯವರ ಆಕಾಶವಾಣಿ

ಕಂಡವರನ್ನು ಹಚ್ಚಿಕೊಳ್ಳುವುದು ಲೋಕರೂಢಿ. ಮುಖವನ್ನೇ ಕಾಣದ ಒಬ್ಬರನ್ನು ಕೇವಲ ಕಂಠದಿಂದ ಗುರುತಿಸಿ, ಮನೆಮಗಳಂತೆ ಪ್ರೀತಿಸುವುದು ಮಾತ್ರ ಬಾನುಲಿಯ ಶ್ರೋತೃಗಳಿಗೆ ಒದಗಿದ ಭಾಗ್ಯವೆನ್ನಬೇಕು. ನಮ್ಮ ಮನೆಯಲ್ಲಿ ಆ ಭಾಗ್ಯವನ್ನು ಪಡೆದವರು ನನ್ನ ಅತ್ತೆಯವರು. ಅವರಿಂದ ನಾನು ಕಲಿತದ್ದನ್ನೂ, ಅವರ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಓದುಗ ಬಂಧುಗಳ ಮುಂದೆ ಇಡಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಅತ್ತೆಯವರು ಧಾರವಾಡ ಸೀಮೆಯವರು. ಮಾವನವರು ಲಿಂಗೈಕ್ಯರಾದ ಮೇಲೆ, 2003ರಲ್ಲಿ, ಊರ ಮನೆಗೆ ಬೀಗ ಹಾಕಿ ಹಲಸೂರಿನ ನಮ್ಮ ಬಾಡಿಗೆ ಮನೆಗೆ ಬಂದರು. ನಮ್ಮ ಯಜಮಾನರು ಆಗ ಕೃಷ್ಣರಾಜಪುರದ ಬಳಿಯ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರರಾಗಿದ್ದರು. ಮಕ್ಕಳು ಶಾಲೆಗೆ, ನಾನು ಕಚೇರಿಗೆ. ಹಗಲೆಲ್ಲ ಮನೆಯಲ್ಲಿ ಅತ್ತೆಯವರೊಬ್ಬರೇ. ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆಯಿಂದ ಅವರ ದೃಷ್ಟಿ ಅದಾಗಲೇ ಮುಕ್ಕಾಲುಪಾಲು ಹೋಗಿತ್ತು. ಬೀದಿಯಲ್ಲಿ ಕೇಳಿಬರುತ್ತಿದ್ದ ತಮಿಳು, ತೆಲುಗು, ಉರ್ದು ಅವರಿಗೆ ತಿಳಿಯುತ್ತಿರಲಿಲ್ಲ. ದಂಡು ಪ್ರದೇಶದ ಬೀದಿಗಳು ಇಂದಿಗೂ ಹಾಗೆಯೇ. 1809ರಲ್ಲಿ ಬ್ರಿಟಿಷರ ಸೈನ್ಯ ಇಲ್ಲಿ ಬೀಡುಬಿಟ್ಟಾಗಿನಿಂದ ನಾನಾ ಭಾಷೆಗಳ ಜನ ಬಂದು ನೆಲೆಸಿದ ನೆಲವಿದು. ಸೋಮೇಶ್ವರ ದೇವಾಲಯದ ಗಂಟೆಯ ನಾದವೊಂದೇ ತಮಗೆ ಅರ್ಥವಾಗುವ ಭಾಷೆ ಎಂದು ಅತ್ತೆಯವರು ಹೇಳುತ್ತಿದ್ದರು. ನಕ್ಕೇ ಹೇಳುತ್ತಿದ್ದರಾದರೂ ಅದು ನಗುವಿನ ಮಾತಾಗಿರಲಿಲ್ಲ.

ಅವರಿಗೆ ಹೊತ್ತು ಕಳೆಯಲೆಂದು ಯಜಮಾನರು ಒಂದು ಸಣ್ಣ ರೇಡಿಯೋ ತಂದುಕೊಟ್ಟರು.

ಧಾರವಾಡದಿಂದ ಬಂದ ಕಿವಿ

ರೇಡಿಯೋ ಅತ್ತೆಯವರಿಗೆ ಹೊಸತೇನಲ್ಲ. ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಆಗ ಅವರು ಲಂಗ ಉಟ್ಟು ಓಡಾಡುವ ಹುಡುಗಿ. ಊರ ಗೌಡರ ಮನೆಯ ಪಡಸಾಲೆಯಲ್ಲಿ ರೇಡಿಯೋ ಹಚ್ಚಿದಾಗ ಹೆಂಗಸರು ಒಳಬಾಗಿಲ ಬಳಿ ಕುಳಿತು ಕೇಳುತ್ತಿದ್ದರಂತೆ. ಆ ಕೇಂದ್ರದ ಸಂಗೀತ ಸಲಹೆಗಾರರಾಗಿದ್ದ ಪಂಡಿತ ಮಲ್ಲಿಕಾರ್ಜುನ ಮನ್ಸೂರರು ಶರಣರ ವಚನಗಳನ್ನು ರಾಗಗಳಲ್ಲಿ ಅಳವಡಿಸಿ ಹಾಡಿದ್ದನ್ನು ಅತ್ತೆಯವರು ಕೇಳಿ ಬೆಳೆದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರು ಅವರ ಗಾಯನವೂ ಅವರಿಗೆ ಅಷ್ಟೇ ಪರಿಚಿತ. ಗವಾಯಿಗಳೂ, ಅವರ ತರುವಾಯ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ ಅಂಧರು. ತಮ್ಮಂತೆಯೇ ಕಣ್ಣಿಲ್ಲದ ನೂರಾರು ಮಕ್ಕಳಿಗೆ ಸಂಗೀತವನ್ನೇ ಬದುಕಾಗಿ ಕೊಟ್ಟವರು. ತಮ್ಮ ದೃಷ್ಟಿ ಮಂಜಾಗತೊಡಗಿದಾಗ ಅತ್ತೆಯವರು ಎದೆಗುಂದದೆ ಇದ್ದುದಕ್ಕೆ ಆ ಪುಣ್ಯಪುರುಷರ ನೆನಪೂ ಒಂದು ಕಾರಣ.

ಆದರೆ ಬೆಂಗಳೂರಿನ ರೇಡಿಯೋ ಅವರಿಗೆ ಮೊದಮೊದಲು ಒಗ್ಗಲಿಲ್ಲ. 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರವಾದ ರೇಡಿಯೋ ಸಿಟಿ ಇಲ್ಲಿಯೇ ಆರಂಭವಾಗಿತ್ತು. ಮುಳ್ಳು ತಿರುಗಿಸಿದಲ್ಲೆಲ್ಲ ಚಿತ್ರಗೀತೆ, ಅವಸರದ ಮಾತು. ಮುಂದೆ ಆಕಾಶವಾಣಿಯು ಶಾಸ್ತ್ರೀಯ ಸಂಗೀತಕ್ಕೆಂದೇ 100.1 ಮೆಗಾಹರ್ಟ್ಸ್‌ನಲ್ಲಿ ಒಂದು ಎಫ್.ಎಂ. ವಾಹಿನಿಯನ್ನು ನಡೆಸಿತು. ಅದೇ ಅಮೃತವರ್ಷಿಣಿ. ಅಮೃತವರ್ಷಿಣಿಯೆಂಬುದು ಏರಿಕೆಯಲ್ಲೂ ಇಳಿಕೆಯಲ್ಲೂ ಐದೇ ಸ್ವರಗಳುಳ್ಳ ಒಂದು ಕರ್ನಾಟಕ ರಾಗದ ಹೆಸರು. ಎಟ್ಟಯಪುರದ ಸೀಮೆಯಲ್ಲಿ ಬರದಿಂದ ಬೆಂದ ನೆಲವನ್ನು ಕಂಡು ಮರುಗಿದ ಮುತ್ತುಸ್ವಾಮಿ ದೀಕ್ಷಿತರು ಈ ರಾಗದಲ್ಲಿ ಹಾಡಿ ಮಳೆ ತರಿಸಿದರೆಂಬ ಕಥೆ ಸಂಗೀತಲೋಕದಲ್ಲಿ ಪ್ರಸಿದ್ಧವಾಗಿದೆ.

ಒಂದು ಸಂಜೆ ಆ ವಾಹಿನಿ ತಾನಾಗಿ ಸಿಕ್ಕಿತು. ಹಾಡುತ್ತಿದ್ದುದು ಕರ್ನಾಟಕ ಸಂಗೀತ. "ಇದು ನಮ್ಮ ಸಂಗೀತ ಅಲ್ಲವಾ, ತೆಗಿ" ಎಂದರು ಅತ್ತೆಯವರು. ನಾನು ಕೈ ಚಾಚುವಷ್ಟರಲ್ಲಿ ಕೃತಿ ಮುಗಿದು, ಉದ್ಘೋಷಕಿಯ ದನಿ ಕೇಳಿಸಿತು. ಈಗ ಕೇಳಿದ್ದು ಮೋಹನ ರಾಗ, ಹಿಂದೂಸ್ತಾನಿ ಪದ್ಧತಿಯಲ್ಲಿ ಇದನ್ನು ಹೋಲುವ ರಾಗ ಭೂಪ್ ಎಂದು ಆಕೆ ಎರಡೇ ವಾಕ್ಯಗಳಲ್ಲಿ ತಿಳಿಸಿದರು. ಅತ್ತೆಯವರು ನೆಟ್ಟಗೆ ಕುಳಿತರು. "ಭೂಪ್ ಅಂದ್ಲಲ್ಲ! ಹೌದವಾ, ಭೂಪ್ ಐತಿ ಇದು" ಎಂದು ತಾವೇ ಮೆಲ್ಲಗೆ ಗುನುಗಿದರು. ರೇಡಿಯೋ ಆರಿಸಬೇಕೆಂದು ಅವರು ಮತ್ತೆ ಹೇಳಲಿಲ್ಲ.

ಅಲ್ಲಿಂದ ಮುಂದೆ ಅವರು ತಾವೇ ಕೇಳಿ ಕೇಳಿ ಜೋಡಿ ಕಟ್ಟತೊಡಗಿದರು. ಕಲ್ಯಾಣಿಯಲ್ಲಿ ಯಮನ್, ಹಿಂದೋಳದಲ್ಲಿ ಮಾಲಕಂಸ, ಶುದ್ಧಸಾವೇರಿಯಲ್ಲಿ ದುರ್ಗಾ. ಗಮಕ ಬೇರೆ, ನಡೆ ಬೇರೆಯಾದರೂ ಸ್ವರದ ಬಳಗ ಒಂದೇ ಎಂದು ಅವರಿಗೆ ಖಚಿತವಾದ ದಿನ, ಬೆಂಗಳೂರು ಅವರಿಗೆ ಪರಊರಾಗಿ ಉಳಿಯಲಿಲ್ಲ. ಇಂದಿರಾನಗರ ಸಂಗೀತ ಸಭೆಯ ಕಚೇರಿಗೂ ಒಮ್ಮೆ ಕರೆದೊಯ್ಯಬೇಕೆಂದು ಹಟ ಹಿಡಿದು, ಆಟೋದಲ್ಲಿ ಹೋಗಿ ಪೂರಾ ಕೇಳಿ ಬಂದರು.

ಹೆಸರು ಹೇಳುವ ಕಾಯಕ

ಸಂಜೆ ಇಷ್ಟಲಿಂಗ ಪೂಜೆ ಮುಗಿಸಿ, ವಿಭೂತಿ ಧರಿಸಿದ ಹಣೆಯಲ್ಲೇ ಬಂದು ರೇಡಿಯೋದ ಮುಂದೆ ಕೂರುವುದು ಅತ್ತೆಯವರ ನಿತ್ಯಕ್ರಮವಾಯಿತು. ಆ ಉದ್ಘೋಷಕಿಗೆ ಅವರು ಇಟ್ಟ ಹೆಸರು 'ಸಂಜೀ ಮಗಳು'. ಸಂಜೀ ಮಗಳು ಬಾರದ ದಿನ ಬೇರೆಯವರ ದನಿ ಕೇಳಿದರೆ, ಆಕೆಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು ಚಿಂತಿಸುತ್ತಿದ್ದರು.

ನನಗೆ ಇದು ಮೊದಲು ವಿನೋದವಾಗಿಯೇ ಕಂಡಿತ್ತು. ಹಾಡುವವರು ಹಾಡುತ್ತಾರೆ, ನಡುವೆ ನಾಲ್ಕು ಮಾತು ಓದುವವರಿಗೇಕೆ ಇಷ್ಟು ಪ್ರೀತಿ ಎಂದು ಕೇಳಿಯೂ ಬಿಟ್ಟಿದ್ದೆ. ಅದಕ್ಕೆ ಅವರು ಕೊಟ್ಟ ಉತ್ತರವನ್ನು ನಾನು ಮರೆತಿಲ್ಲ. ಸಭೆಯಲ್ಲಿ ಕುಳಿತವರಿಗೆ ತಬಲಾ ನುಡಿಸುವವನು ಕಣ್ಣಿಗೆ ಕಾಣುತ್ತಾನೆ. ಕಣ್ಣಿಲ್ಲದವರಿಗೂ ಮನೆಯಲ್ಲಿ ಕುಳಿತವರಿಗೂ ಹೆಸರು ಹೇಳದಿದ್ದರೆ ಅವನು ಇಲ್ಲವೇ ಇಲ್ಲ. ಆಕೆ ಹೆಸರು ಹೇಳುತ್ತಾಳೆ, ಆಗ ಅವನು ನಮ್ಮ ಮನೆಗೆ ಬರುತ್ತಾನೆ. ಅತ್ತೆಯವರ ಮಾತಿನ ಸಾರ ಇಷ್ಟು.

ಯೋಚಿಸಿದರೆ ಅದು ನಿಜ. ರಾಗ, ತಾಳ, ರಚನಕಾರರು, ಪಿಟೀಲು, ಮೃದಂಗ, ಘಟ ನುಡಿಸಿದವರು, ಇಷ್ಟನ್ನೂ ತಪ್ಪಿಲ್ಲದೆ, ಆತುರವಿಲ್ಲದೆ, ಗಡಿಯಾರದ ಮುಳ್ಳನ್ನು ನೋಡುತ್ತಲೇ ಹೇಳಿ ಮುಗಿಸಬೇಕು. ತಾನು ಮುಂದೆ ನಿಲ್ಲದೆ ಸಂಗೀತವನ್ನು ಮುಂದೆ ನಿಲ್ಲಿಸಬೇಕು. ಮುಚ್ಚಿದ ಕೋಣೆಯೊಳಗೆ ಒಬ್ಬರೇ ಕುಳಿತು, ಎದುರಿಗೆ ಒಂದು ಮುಖವೂ ಇಲ್ಲದೆ, ಸಾವಿರಾರು ಮನೆಗಳ ಜನರೊಡನೆ ಮಾತನಾಡಬೇಕು. ಚಪ್ಪಾಳೆ ಅವರ ಪಾಲಿಗಿಲ್ಲ. ಅವರ ಮಾತು ಯಾರಿಗಾದರೂ ಮುಟ್ಟಿತೇ ಎಂಬುದು ತಿಳಿಯಬೇಕಾದರೆ ಕೇಳಿದವರು ತಿಳಿಸಬೇಕು. ಶರಣರು ಕಾಯಕವೆಂದು ಕರೆದದ್ದು ಇಂಥ ದುಡಿಮೆಯನ್ನೇ ಅಲ್ಲವೇ?

ಈ ಕಾಯಕಕ್ಕೆ ನಮ್ಮ ನಾಡಿನಲ್ಲಿ ದೊಡ್ಡ ಪರಂಪರೆಯೇ ಇದೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ಅದಕ್ಕೆ ಆಕಾಶವಾಣಿಯೆಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಪ್ರತೀತಿ. ಆ ಹೆಸರನ್ನೇ ಮುಂದೆ ಇಡೀ ದೇಶದ ಬಾನುಲಿ ಪಡೆಯಿತು. 2023ರಲ್ಲಂತೂ ಆಲ್ ಇಂಡಿಯಾ ರೇಡಿಯೋ ಎಂಬ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಆಕಾಶವಾಣಿ ಎಂಬುದನ್ನೇ ಬಳಸಬೇಕೆಂದು ಪ್ರಸಾರ ಭಾರತಿ ಆದೇಶಿಸಿತು. ಮೈಸೂರಿನ ಕೇಂದ್ರ 1955ರಲ್ಲಿ ಬೆಂಗಳೂರಿಗೆ ಬಂದು, ಈಗ ರಾಜಭವನ ರಸ್ತೆಯಲ್ಲಿದೆ. ಶಿವಾಜಿನಗರದ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ. ಅತ್ತೆಯವರ 'ಸಂಜೀ ಮಗಳು' ಕುಳಿತು ಮಾತನಾಡುತ್ತಿದ್ದ ಸ್ಥಳ ನಮ್ಮ ಮನೆಯಿಂದ ಒಂದೆರಡು ಹರದಾರಿಯೂ ಇರಲಿಲ್ಲ.

ಹಾಕದ ಕಾಗದ

2009ರ ಚಳಿಗಾಲದಲ್ಲಿ ಅತ್ತೆಯವರು ನನ್ನನ್ನು ಕರೆದು ಒಂದು ಕಾಗದ ಬರೆಸಿದರು. ನೀಲಿ ಇನ್‌ಲ್ಯಾಂಡ್ ಪತ್ರ. ಅವರು ಹೇಳಿದಂತೆಯೇ ನಾನು ಬರೆದೆ. ನಿನ್ನ ಮಾತಿನಿಂದ ನನ್ನ ಸಂಜೆ ಬೆಳಕಾಗಿದೆ ಎಂದು ಮೊದಲ ಸಾಲು. ಮೂರು ದಿನದಿಂದ ನಿನಗೆ ನೆಗಡಿಯಾಗಿದೆ, ಮೆಣಸು ಶುಂಠಿ ಕುದಿಸಿ ಕುಡಿ ಎಂದು ಎರಡನೆಯದು. ಕೊನೆಯಲ್ಲಿ ಒಂದು ಬಿನ್ನಹ. ಪೂಜೆ ಮುಗಿಸಿ ಬರುವಷ್ಟರಲ್ಲಿ ಕಲಾವಿದರ ಹೆಸರು ಹೇಳಿ ಆಗಿರುತ್ತದೆ, ಹಾಡು ಮುಗಿದ ಮೇಲೆ ಪಕ್ಕವಾದ್ಯದವರ ಹೆಸರನ್ನು ಇನ್ನೊಮ್ಮೆ ಹೇಳಿದರೆ ದೊಡ್ಡ ಉಪಕಾರ.

ಮರುದಿನ ಕಚೇರಿಗೆ ಹೋಗುವಾಗ ಅಂಚೆಗೆ ಹಾಕುವೆನೆಂದು ಅದನ್ನು ವಚನ ಪುಸ್ತಕದೊಳಗೆ ಇಟ್ಟೆ. ಮಕ್ಕಳ ಪರೀಕ್ಷೆ ಬಂತು, ಮನೆ ಬದಲಾಯಿಸುವ ಮಾತು ಬಂತು. ಕಾಗದ ಅಲ್ಲಿಯೇ ಉಳಿಯಿತು. ಕೆಲವು ವಾರಗಳ ಬಳಿಕ ಅತ್ತೆಯವರು, "ಆ ಕಾಗದ ಹಾಕಿದಿಯೇನವಾ?" ಎಂದು ಕೇಳಿದರು. ನಾಚಿಕೆಯಿಂದಲೋ ಅಳುಕಿನಿಂದಲೋ, "ಹಾಕಿದ್ದೇನೆ ಅತ್ತೆ" ಎಂದುಬಿಟ್ಟೆ.

ಮತ್ತೊಂದು ಸಂಜೆ ಒಂದು ಕಚೇರಿಯ ಧ್ವನಿಮುದ್ರಣ ಮುಗಿದಾಗ ಉದ್ಘೋಷಕಿ ಪಿಟೀಲು, ಮೃದಂಗ ನುಡಿಸಿದವರ ಹೆಸರುಗಳನ್ನು ಮತ್ತೊಮ್ಮೆ ಹೇಳಿದರು. ಅದು ಅವರ ವಾಡಿಕೆಯೇ ಇದ್ದೀತು. ಅತ್ತೆಯವರು ಮಾತ್ರ ನನ್ನ ಕೈಯನ್ನು ತಡವಿ ಹಿಡಿದು, "ನೋಡು, ನನ್ನ ಕಾಗದ ಮುಟ್ಟೈತಿ" ಎಂದರು. ಅವರ ಮುಖದ ಮೇಲಿದ್ದ ಸಂತೋಷವನ್ನು ಕಂಡು ನಿಜ ಹೇಳುವ ಧೈರ್ಯ ನನಗಾಗಲಿಲ್ಲ. ಕಾಗದ ಆಗಲೂ ಒಳಕೋಣೆಯ ಪುಸ್ತಕದಲ್ಲಿತ್ತು. ಆ ರಾತ್ರಿಯಾದರೂ ತೆಗೆದು ಅಂಚೆಗೆ ಹಾಕಬಹುದಿತ್ತು. ಈಗ ಮುಟ್ಟಿದೆಯೆಂದು ನಂಬಿದ್ದಾರಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅತ್ತೆಯವರ ಸಂತೋಷವನ್ನಷ್ಟೇ ಎಣಿಸಿದ ನಾನು, ಆ ಕಾಗದಕ್ಕೆ ಇನ್ನೊಂದು ತುದಿಯೂ ಉಂಟೆಂಬುದನ್ನು ಮರೆತೆ.

ಕಾಲಕ್ರಮದಲ್ಲಿ ಆ ದನಿ ಸಂಜೆಗಳಲ್ಲಿ ಕೇಳಿಸದಾಯಿತು. ಬೇರೆ ದನಿಗಳು ಬಂದವು. 2012ರ ಶ್ರಾವಣದಲ್ಲಿ ಅತ್ತೆಯವರು ಲಿಂಗೈಕ್ಯರಾದರು. ಅವರ ನೆನಪಿಗೆಂದು ವಚನ ಪುಸ್ತಕ ತೆರೆದಾಗ ಕಾಗದ ಕೈಗೆ ಬಂತು. ಒಂದು ಹೆಣ್ಣುಮಗಳಿಗೆ, ಆಕೆ ಮುಚ್ಚಿದ ಕೋಣೆಯಲ್ಲಿ ಕುಳಿತು ಆಡಿದ ಮಾತು ಹಲಸೂರಿನ ಒಂದು ಮನೆಯಲ್ಲಿ ದೀಪ ಹಚ್ಚಿತ್ತೆಂದು ತಿಳಿಸಬೇಕಾಗಿದ್ದ ಕಾಗದ. ಅತ್ತೆಯವರು ತಮ್ಮ ಕರ್ತವ್ಯ ಮಾಡಿ ನಿಶ್ಚಿಂತೆಯಿಂದ ಹೋದರು. ಆ ಉದ್ಘೋಷಕಿಗೆ ಸಲ್ಲಬೇಕಾದದ್ದನ್ನು ತಡೆಹಿಡಿದವಳು ನಾನು.

ನಾವು ಮಾಡಬಹುದಾದದ್ದು

ಇಂದು ಸಂಗೀತ ಬೇಕಾದವರಿಗೆ ಕೈಯಲ್ಲಿಯೇ ಫೋನು ಇದೆ. ಆಕಾಶವಾಣಿಯೂ 2016ರ ಜನವರಿ 26ರಂದು ಬೆಂಗಳೂರಿನಿಂದ 'ರಾಗಂ' ಎಂಬ ದಿನದ 24 ಗಂಟೆಗಳ ಶಾಸ್ತ್ರೀಯ ಸಂಗೀತ ವಾಹಿನಿಯನ್ನು ಆರಂಭಿಸಿ, ಡಿ.ಟಿ.ಎಚ್. ಮತ್ತು ಅಂತರ್ಜಾಲದ ಮೂಲಕ ದೂರದವರಿಗೂ ತಲುಪಿಸಿತು. ಸಂತೋಷವೇ. ಆದರೆ ಫೋನು ಹಿಡಿದು ಬೇಕಾದದ್ದನ್ನು ಹುಡುಕಿಕೊಳ್ಳಲು ಅತ್ತೆಯವರಂಥ ಹಿರಿಯರಿಗೆ ಆಗುವುದಿಲ್ಲ. ಒಂದು ಗುಂಡಿ ತಿರುಗಿಸಿದರೆ ಬರುವ ರೇಡಿಯೋವೇ ಅವರಿಗೆ ಆಸರೆ. ಹಾಗೆಯೇ, ಬೇಕಾದದ್ದನ್ನೇ ಹುಡುಕುವವನು ಬೇಡವೆಂದುಕೊಂಡದ್ದನ್ನು ಎಂದೂ ಕೇಳಲಾರ. 'ಇದು ನಮ್ಮ ಸಂಗೀತವಲ್ಲ' ಎಂದ ಧಾರವಾಡದ ಮುದುಕಿಗೆ ಮೋಹನದೊಳಗೆ ಭೂಪ್ ತೋರಿಸಿಕೊಟ್ಟದ್ದು ಒಬ್ಬ ಮನುಷ್ಯಳ ಕಂಠ.

ಇಂಥ ವಾಹಿನಿಗಳ ಉಳಿವಿನ ಬಗೆಗೆ ಆತಂಕ ಮೂಡಿದಾಗ ನಮ್ಮ ನಗರದ ಸಂಗೀತಗಾರರೂ ರಸಿಕರೂ ದನಿಯೆತ್ತಿದ್ದುಂಟು. ಅದು ಅಗತ್ಯವೇ. ಆದರೆ ಕಳೆದುಕೊಳ್ಳುವ ಭಯ ಬಂದಾಗ ಮಾತ್ರ ಬರೆಯುವುದಕ್ಕಿಂತ, ಪ್ರೀತಿಯಿದ್ದಾಗಲೇ ಬರೆಯುವುದು ಮೇಲು.

ಆದುದರಿಂದ ನಮ್ಮ ಮನೆಮನೆಗಳ ತಾಯಂದಿರಲ್ಲಿ ನನ್ನದೊಂದು ವಿನಂತಿ. ಸಂಜೆಯ ಪೂಜೆಯಾದ ಮೇಲೆ ಅರ್ಧ ಗಂಟೆ ದೂರದರ್ಶನ ಆರಿಸಿ, ಮಕ್ಕಳನ್ನೂ ಹಿರಿಯರನ್ನೂ ಕೂಡಿಸಿಕೊಂಡು ಆಕಾಶವಾಣಿಯ ಸಂಗೀತ ಕೇಳಿರಿ. ರಾಗದ ಹೆಸರನ್ನು ಮಕ್ಕಳಿಂದ ಒಂದು ಪುಸ್ತಕದಲ್ಲಿ ಬರೆಸಿರಿ. ಯಾರ ದನಿ ನಿಮ್ಮ ಮನೆಗೆ ಹಿತ ತಂದಿತೋ ಅವರಿಗೆ ಒಂದು ಕಾಗದ ಬರೆಯಿರಿ. ಬರೆದು ಪುಸ್ತಕದೊಳಗೆ ಇಡಬೇಡಿರಿ. ಅಂದೇ ಅಂಚೆಗೆ ಹಾಕಿರಿ.

ಅತ್ತೆಯವರ ಕಾಗದವನ್ನು ಯಾರ ಹೆಸರಿಗೆ ಕಳುಹಿಸಬೇಕೆಂದು ಈಗ ನನಗೆ ತಿಳಿಯದು. ಅವರ ಸಂಜೀ ಮಗಳು ಎಲ್ಲಿದ್ದಾರೋ, ಹೇಗಿದ್ದಾರೋ! ಈ ಪುಟ ಎಂದಾದರೂ ಅವರ ಕಣ್ಣಿಗೆ ಬಿದ್ದರೆ, ತಡವಾಗಿಯಾದರೂ ಅತ್ತೆಯವರ ಮಾತು ಅವರಿಗೆ ಮುಟ್ಟಲಿ: ತಾಯಿ, ನಿನ್ನ ಮಾತಿನಿಂದ ಅವರ ಸಂಜೆ ಬೆಳಕಾಗಿತ್ತು.