ಎರಡು ಬಾರಿ ಮುಳುಗಿದ ಹಡಗು

ಮುಳುಗಿದ ಹಡಗುಗಳನ್ನು ಕಾಣಲು ಕುತೂಹಲದಿಂದ ಕಡಲಿಗಿಳಿಯುವವರು ಇಂದು ಅನೇಕರು. ಆ ಹಡಗು ಮಡಿದವರ ಸಮಾಧಿಯೂ ಆಗಿದ್ದರೆ?

‘ಎಹಿಮೆ ಮಾರು’ ಜಪಾನಿನ ಮೀನುಗಾರಿಕೆಯ ಪ್ರೌಢಶಾಲೆಯೊಂದರ ತರಬೇತಿ ಹಡಗು. 2001ರ ಫೆಬ್ರವರಿ 9ರಂದು, ಹವಾಯಿಯ ಬಳಿ, ನೀರಿನಡಿಯಿಂದ ರಭಸವಾಗಿ ಮೇಲೆದ್ದ ಅಮೆರಿಕದ ಜಲಾಂತರ್ಗಾಮಿಯೊಂದು ಬಡಿದು ಅದು ಮುಳುಗಿತು. ಮಡಿದವರು 9 ಮಂದಿ. ಅವರಲ್ಲಿ ನಾಲ್ವರು ನಮ್ಮಂತೆ ವಿದ್ಯಾರ್ಥಿಗಳು, ಇಬ್ಬರು ಅಧ್ಯಾಪಕರು.

ಹಡಗು ಬಿದ್ದ ಆಳ ಸುಮಾರು 600 ಮೀಟರು. ಅಲ್ಲಿಯ ಒತ್ತಡ ನೆಲದ ಮೇಲಿನದರ ಅರುವತ್ತು ಪಟ್ಟು; ಮುಳುಗುಗಾರರಿಗೆ ಅಲ್ಲಿ ಕೆಲಸ ಸಾಧ್ಯವಿಲ್ಲ. ಆದುದರಿಂದ ಹಡಗನ್ನೇ ಎತ್ತಿ, ಸುಮಾರು 35 ಮೀಟರು ಆಳದ ನೀರಿಗೆ ತಂದರು. ಎಂಟು ದೇಹಗಳು ದೊರೆತವು. ಒಬ್ಬ ವಿದ್ಯಾರ್ಥಿ ಸಿಗಲೇ ಇಲ್ಲ. ನವೆಂಬರಿನಲ್ಲಿ ಹಡಗನ್ನು ಸುಮಾರು 1,800 ಮೀಟರು ಆಳಕ್ಕೆ ಮರಳಿ ಒಪ್ಪಿಸಿದರು.

ಸ್ಮಾರಕವಿರುವುದು ಹೊನೊಲುಲುವಿನ ದಡದಲ್ಲಿ. ನೋಡಬಯಸುವವರು ಅಲ್ಲಿ ನಿಲ್ಲಲಿ, ಆಳವು ಮಡಿದವರಿಗಿರಲಿ.